ಹಣದೊಂದಿಗಿನ ನಂಟನ್ನು ಅರಿತು ತಿದ್ದಿಕೊಳ್ಳುವ ಬಗೆ

ಬ್ಯಾಂಕಿನಿಂದ ಬಂದ ಸಂದೇಶವೊಂದು ಫೋನಿನ ಪರದೆಯ ಮೇಲೆ ಮೂಡುತ್ತದೆ. ಎಷ್ಟು ಕಡಿತವಾಗಿದೆ, ಎಷ್ಟು ಉಳಿದಿದೆ ಎಂಬ ಎರಡು ಅಂಕಿಗಳಷ್ಟೇ ಅದರಲ್ಲಿರುತ್ತವೆ. ಓದಲು ಮೂರು ಸೆಕೆಂಡು ಸಾಕು. ಆದರೂ ಎಷ್ಟೋ ಜನ ಅದನ್ನು ಓದದೆ ಬೆರಳಿನಿಂದ ಬದಿಗೆ ಸರಿಸಿಬಿಡುತ್ತಾರೆ. ನಾನೂ ಹಲವು ವರ್ಷ ಹಾಗೆ ಮಾಡಿದವನೇ. ಕೂಡಿಸಿ ಕಳೆಯಲು ಬಾರದ್ದಕ್ಕೆ ಹೀಗಾಗುವುದಿಲ್ಲ. ಆ ಅಂಕಿಯನ್ನು ನೋಡಿದೊಡನೆ ನಾಚಿಕೆಯೋ ಭಯವೋ ಮೇಲೆದ್ದು ಬರುತ್ತದೆಂಬುದು ಒಳಗೆಲ್ಲೋ ಗೊತ್ತಿರುವುದರಿಂದ ಕೈ ತಾನಾಗಿಯೇ ಸರಿಯುತ್ತದೆ.

ಹಣಕಾಸಿನ ಸಲಹೆಗಳೆಲ್ಲ ಸಾಮಾನ್ಯವಾಗಿ ಲೆಕ್ಕದಿಂದ ಆರಂಭವಾಗುತ್ತವೆ: ಗಳಿಸಿದ್ದಕ್ಕಿಂತ ಕಡಿಮೆ ಖರ್ಚು ಮಾಡಿ, ಸಾಲ ತೀರಿಸಿ, ಉಳಿಸಿ. ಇದು ಗೊತ್ತಿಲ್ಲದವರು ಯಾರೂ ಇಲ್ಲ. ಗೊತ್ತಿದ್ದದ್ದನ್ನು ಮಾಡಲಾಗದೆ ಉಳಿಯುವುದೇಕೆ ಎಂಬುದನ್ನು ಮೊದಲು ಕಂಡುಕೊಂಡು, ಆಮೇಲೆ ಲೆಕ್ಕಕ್ಕೆ ಕೈ ಹಚ್ಚುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಇದಕ್ಕೆ ಬೇಕಾದದ್ದು ಒಂದು ನೋಟ್‌ಬುಕ್, ಒಂದು ಪೆನ್ನು ಮತ್ತು ಸುಮಾರು ಮೂರು ತಿಂಗಳ ಕಾಲ. ಮೊದಲ ನಾಲ್ಕು ಹೆಜ್ಜೆಗಳನ್ನು ಹಾರಿಸಿ ನೇರವಾಗಿ ಸಾಲದ ಭಾಗಕ್ಕೆ ಹೋಗುವ ಆಸೆ ಬರುವುದು ಸಹಜ. ಹಾಗೆ ಹೋದವರು ಬಹುಮಟ್ಟಿಗೆ ಎರಡನೆಯ ತಿಂಗಳಲ್ಲಿ ಹಳೆಯ ದಾರಿಗೇ ಮರಳುತ್ತಾರೆ.

ಹೆಜ್ಜೆ 1: ತೀರ್ಮಾನ ಮಾಡದೆ ನೋಡುವುದು

ವಾರಕ್ಕೊಂದು ದಿನ, ಒಂದೇ ಹೊತ್ತನ್ನು ಗೊತ್ತುಮಾಡಿಕೊಂಡು, ಹದಿನೈದು ನಿಮಿಷ ಕುಳಿತುಕೊಳ್ಳಿ. ನೋಟ್‌ಬುಕ್ಕಿನಲ್ಲಿ ನಾಲ್ಕೇ ನಾಲ್ಕು ವಿಷಯಗಳನ್ನು ಬರೆಯಿರಿ: ಇವತ್ತು ಕೈಯಲ್ಲೂ ಖಾತೆಗಳಲ್ಲೂ ಇರುವ ಒಟ್ಟು ಹಣ; ಒಟ್ಟು ಸಾಲದ ಬಾಕಿ; ಮುಂದಿನ ಆದಾಯ ಬರುವ ದಿನ ಮತ್ತು ಮೊತ್ತ; ಆ ದಿನದೊಳಗೆ ಕಟ್ಟಲೇಬೇಕಾದ ಬಾಬತ್ತುಗಳು. ಇದರ ಕೆಳಗೆ, ಬರೆಯುವಾಗ ಮೈಯಲ್ಲಿ ಏನಾಯಿತು ಎಂಬುದನ್ನು ಒಂದು ಸಾಲಿನಲ್ಲಿ ಬರೆಯಿರಿ. ಭುಜ ಬಿಗಿಯಿತೇ, ಹೊಟ್ಟೆಯಲ್ಲಿ ಸಂಕಟವಾಯಿತೇ, ಬೇರೆ ಯಾವುದೋ ಕೆಲಸ ನೆನಪಾಯಿತೇ? ನನ್ನ ಮೊದಲ ವಾರದ ಪುಟದಲ್ಲಿ, ಎರಡನೆಯ ಖಾತೆಯನ್ನು ತೆರೆಯುವ ಮೊದಲು ಎರಡು ಸಲ ನೀರು ಕುಡಿಯಲು ಎದ್ದು ಹೋದೆನೆಂದು ಬರೆದುಕೊಂಡಿದ್ದೇನೆ. ಆಗ ಬಾಯಾರಿಕೆ ಇರಲಿಲ್ಲ.

ಮೊದಲ ನಾಲ್ಕು ವಾರ ಯಾವ ತೀರ್ಮಾನವನ್ನೂ ಮಾಡಬೇಡಿ. ಖರ್ಚು ಕಡಿಮೆ ಮಾಡುವ ಶಪಥವೂ ಬೇಡ, ಹಳೆಯ ತಪ್ಪುಗಳ ವಿಚಾರಣೆಯೂ ಬೇಡ. ನೋಡುವುದಕ್ಕೂ ಶಿಕ್ಷೆಗೂ ಮನಸ್ಸಿನಲ್ಲಿ ಬೆಸೆದುಕೊಂಡಿರುವ ಕೊಂಡಿ ಕಳಚಬೇಕಾದರೆ, ಕೆಲವು ಸಲವಾದರೂ ನೋಡಿದ ಮೇಲೆ ಶಿಕ್ಷೆ ಆಗದೆ ಇರಬೇಕು.

ಕಹಿ ಅಂಕಿಯಿಂದ ಕಣ್ಣು ತಪ್ಪಿಸುವುದು ಒಬ್ಬಿಬ್ಬರ ದೌರ್ಬಲ್ಯವಲ್ಲ. ಕಾರ್ಲ್ಸನ್, ಲೋವೆನ್‌ಸ್ಟೈನ್ ಮತ್ತು ಸೆಪ್ಪಿ ಎಂಬ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಷೇರು ಮಾರುಕಟ್ಟೆ ಏರುತ್ತಿರುವಾಗ ಹೂಡಿಕೆದಾರರು ತಮ್ಮ ಖಾತೆಯನ್ನು ಮತ್ತೆ ಮತ್ತೆ ತೆರೆದು ನೋಡುತ್ತಾರೆ, ಇಳಿಯುತ್ತಿರುವಾಗ ಅತ್ತ ಸುಳಿಯುವುದು ಕಡಿಮೆ ಎಂಬುದು ಕಂಡುಬಂತು. ಇದಕ್ಕೆ ಉಷ್ಟ್ರಪಕ್ಷಿ ಪರಿಣಾಮವೆಂದು ಹೆಸರು. ನಿಜವಾದ ಉಷ್ಟ್ರಪಕ್ಷಿ ಮರಳಿನಲ್ಲಿ ತಲೆ ಹುದುಗಿಸುವುದಿಲ್ಲವೆಂಬುದು ಬೇರೆ ಮಾತು. ಕಣ್ಣು ಮುಚ್ಚಿ ಹಾಲು ಕುಡಿಯುವ ನಮ್ಮ ಗಾದೆಯ ಬೆಕ್ಕೇ ಇಲ್ಲಿ ಹೆಚ್ಚು ಹೊಂದುತ್ತದೆ.

ಹೆಜ್ಜೆ 2: ಚಿಕ್ಕಂದಿನಲ್ಲಿ ಕೇಳಿದ ಮಾತುಗಳನ್ನು ಹುಡುಕುವುದು

ಎರಡನೆಯ ವಾರದಲ್ಲಿ, ಲೆಕ್ಕದ ಪುಟದಿಂದ ದೂರವಾಗಿ, ನೋಟ್‌ಬುಕ್ಕಿನ ಹಿಂಬದಿಯಿಂದ ಬರೆಯಲು ಶುರುಮಾಡಿ. "ಹಣ ಎಂದರೆ" ಎಂದು ಬರೆದು ವಾಕ್ಯವನ್ನು ತಡೆಯದೆ ಮುಗಿಸಿ. ಹೀಗೆ ಹತ್ತು ಸಲ. ಮೊದಲ ನಾಲ್ಕೈದು ವಾಕ್ಯಗಳು ಎಲ್ಲರೂ ಆಡುವ ಮಾತುಗಳಾಗಿರುತ್ತವೆ; ಆರು, ಏಳನೆಯದಕ್ಕೆ ಬರುವಷ್ಟರಲ್ಲಿ ಮನೆಯ ಹಿರಿಯರ ದನಿ ಕೇಳಿಸತೊಡಗುತ್ತದೆ. ಆಮೇಲೆ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಮನೆಯಲ್ಲಿ ಹಣದ ಮಾತು ಬಂದಾಗ ಯಾರ ದನಿ ಏರುತ್ತಿತ್ತು, ಯಾರು ಸುಮ್ಮನಾಗುತ್ತಿದ್ದರು? ಏನನ್ನಾದರೂ ಕೇಳಿದಾಗ ಸಿಗುತ್ತಿದ್ದ ಉತ್ತರ ಯಾವುದು? ಹಣವಿದ್ದವರ ಬಗ್ಗೆ ಬೆನ್ನ ಹಿಂದೆ ಏನು ಹೇಳುತ್ತಿದ್ದರು?

ನಾವು ಬೆಳೆದ ನುಡಿಯಲ್ಲೇ ಒಂದಕ್ಕೊಂದು ತಾಳೆಯಾಗದ ಮಾತುಗಳು ತುಂಬಿವೆ. "ದುಡ್ಡೇ ದೊಡ್ಡಪ್ಪ" ಎಂದವರೇ ಮರುಗಳಿಗೆ ದುಡ್ಡಿನ ಹಿಂದೆ ಬಿದ್ದವನನ್ನು ಹೀಗಳೆಯುತ್ತಾರೆ. "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬುದು ವಿವೇಕದ ಮಾತೇ. ಆದರೆ ಮಗುವೊಂದು ಆಸೆಪಟ್ಟಾಗಲೆಲ್ಲ ಅದನ್ನೇ ಕೇಳಿ ಬೆಳೆದಿದ್ದರೆ, ಹಾಸಿಗೆ ದೊಡ್ಡದಾದ ಮೇಲೂ ಕಾಲು ಮಡಚಿಯೇ ಮಲಗುವ ಅಭ್ಯಾಸ ಉಳಿಯುತ್ತದೆ. ಇನ್ನು ಕೆಲವರು ಅದೇ ಮಾತಿಗೆ ಸೇಡು ತೀರಿಸಿಕೊಳ್ಳುವಂತೆ ಮೊದಲ ಸಂಬಳದಿಂದಲೇ ಕಾಲು ಹೊರಗೆ ಚಾಚುತ್ತಾರೆ.

ಮನಶ್ಶಾಸ್ತ್ರಜ್ಞ ಬ್ರಾಡ್ ಕ್ಲೋಂಟ್ಜ್ ಮತ್ತು ಸಂಗಡಿಗರು 2011ರಲ್ಲಿ ಇಂತಹ ಒಳನಂಬಿಕೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಹಣವನ್ನು ಕೊಳಕೆಂದೋ ತನಗೆ ತಕ್ಕದ್ದಲ್ಲವೆಂದೋ ದೂರ ಇಡುವುದು ಒಂದು. ಇನ್ನಷ್ಟು ಹಣ ಬಂದರೆ ಎಲ್ಲವೂ ಸರಿಹೋಗುತ್ತದೆಂದು ನಂಬುವುದು ಇನ್ನೊಂದು. ತನ್ನ ಬೆಲೆಯನ್ನು ಹಣದಿಂದ ಅಳೆಯುವುದು ಮೂರನೆಯದು. ಸದಾ ಕಾವಲು ಕಾಯುತ್ತ, ಗುಟ್ಟು ಬಿಡದೆ ಉಳಿಸುವುದು ನಾಲ್ಕನೆಯದು. ಈ ವಿಂಗಡಣೆಯನ್ನು ಜಾತಕದಂತೆ ಓದಬಾರದು. ಬಹಳಷ್ಟು ಜನರಲ್ಲಿ ಎರಡು ಬಗೆಗಳು ಒಟ್ಟಿಗೇ ಇರುತ್ತವೆ, ಒಂದೇ ದಿನ ಒಂದನ್ನೊಂದು ಎಳೆದಾಡುತ್ತವೆ.

ಸಿಕ್ಕ ಮಾತುಗಳಲ್ಲಿ ಹೆಚ್ಚು ಕಾಡುವ ಒಂದನ್ನು ಆರಿಸಿ, ಅದರ ಮುಂದೆ ಎರಡು ಟಿಪ್ಪಣಿ ಬರೆಯಿರಿ: ಈ ಮಾತು ಆಗ ಯಾರನ್ನು ಯಾವುದರಿಂದ ಕಾಪಾಡಿತು, ಈಗ ನನ್ನಿಂದ ಏನನ್ನು ಮಾಡಿಸುತ್ತಿದೆ. ನಮ್ಮ ಮನೆಯಲ್ಲಿ ಹಣದ ಮಾತು ಬಂದರೆ ಮಕ್ಕಳನ್ನು ಹೊರಗೆ ಕಳಿಸಿ ಬಾಗಿಲು ಹಾಕುತ್ತಿದ್ದರು. ಕಷ್ಟದ ದಿನಗಳ ಭಾರ ನಮ್ಮ ಮೇಲೆ ಬೀಳದಿರಲೆಂಬುದು ಅದರ ಉದ್ದೇಶ. ಅದರ ಫಲವಾಗಿ, ದೊಡ್ಡವನಾದ ಮೇಲೆ, ಸಂಬಳ ಎಷ್ಟು ಕೊಡುತ್ತೀರೆಂದು ಕೇಳುವುದೇ ಅಸಭ್ಯವೆಂದುಕೊಂಡು, ಸಿಕ್ಕಷ್ಟಕ್ಕೆ ತಲೆಯಾಡಿಸಿ ಎರಡು ಕೆಲಸಗಳಿಗೆ ಸೇರಿದೆ. ಹಿರಿಯರನ್ನು ದೂರುವುದಕ್ಕಾಗಿ ಈ ಅಭ್ಯಾಸ ಮಾಡುವುದಲ್ಲ. ಆ ಕಾಲಕ್ಕೆ ಸರಿಯಾಗಿದ್ದ ನಿಯಮ ಈ ಕಾಲದಲ್ಲೂ ತಾನಾಗಿ ಓಡುತ್ತಿದೆಯೇ ಎಂದು ನೋಡಿಕೊಳ್ಳಲು ಮಾಡುವುದು.

ಹೆಜ್ಜೆ 3: ಮೂವತ್ತು ದಿನದ ಖರ್ಚು, ಒಂದು ಹೆಚ್ಚಿನ ಕಲಮಿನೊಂದಿಗೆ

ಖರ್ಚು ಬರೆದಿಡುವ ಸಲಹೆ ಹಳೆಯದು. ಇಲ್ಲಿ ಸೇರಿಸಬೇಕಾದದ್ದು ಒಂದೇ: ದಿನಾಂಕ, ಬಾಬತ್ತು, ಮೊತ್ತ ಎಂಬ ಮೂರು ಕಲಮುಗಳ ಪಕ್ಕದಲ್ಲಿ, ಖರ್ಚು ಮಾಡುವ ಮುಂಚಿನ ಗಳಿಗೆ ಹೇಗಿತ್ತು ಎಂಬ ನಾಲ್ಕನೆಯ ಕಲಮು. ಅದರಲ್ಲಿ ಎರಡು ಪದ ಸಾಕು. "ಬೇಸರ, ಒಂಟಿ." "ಅವಸರ." "ಅವರ ಮುಂದೆ ಸಣ್ಣವನಾಗಬಾರದು." "ಬೇಕಿತ್ತು." ಅದೇ ದಿನ ಬರೆಯಬೇಕು, ವಾರದ ಕೊನೆಗೆ ನೆನಪಿಸಿಕೊಂಡು ಬರೆದರೆ ಮನಸ್ಸು ಆಗಲೇ ಒಂದು ಸಮರ್ಥನೆಯನ್ನು ಹೊಲಿದಿಟ್ಟಿರುತ್ತದೆ.

ಮೂವತ್ತು ದಿನ ಕಳೆದ ಮೇಲೆ ಮೊತ್ತದ ಕಲಮನ್ನು ಮುಚ್ಚಿ ನಾಲ್ಕನೆಯ ಕಲಮನ್ನು ಮಾತ್ರ ಮೇಲಿನಿಂದ ಕೆಳಕ್ಕೆ ಓದಿ. ನನ್ನದರಲ್ಲಿ "ದಣಿವು" ಎಂಬ ಪದ ಹನ್ನೊಂದು ಸಲ ಬಂದಿತ್ತು, ಅದೂ ಬಹುಪಾಲು ರಾತ್ರಿ ಹತ್ತರ ನಂತರ, ಫೋನಿನಲ್ಲಿ. ಆ ಖರ್ಚುಗಳನ್ನು ತಡೆಯಲು ಬಜೆಟ್ ಬೇಕಿರಲಿಲ್ಲ. ಹತ್ತು ಗಂಟೆಗೆ ಫೋನನ್ನು ಬೇರೆ ಕೋಣೆಯಲ್ಲಿ ಇಡಬೇಕಿತ್ತು, ಅಷ್ಟೇ.

ಹಣ ಕೊಡುವ ರೀತಿಯನ್ನೂ ಗುರುತು ಹಾಕಿಕೊಳ್ಳಿ. ನೋಟು ಎಣಿಸಿ ಕೊಡುವಾಗ ಆಗುವ ಸಣ್ಣ ನೋವು ಕಾರ್ಡಿನಲ್ಲೋ ಫೋನಿನಲ್ಲೋ ಕೊಡುವಾಗ ಬಹಳಷ್ಟು ಮಂಕಾಗುತ್ತದೆ. ಡ್ರೇಜನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕ್ರೀಡಾ ಪಂದ್ಯದ ಟಿಕೆಟಿಗಾಗಿ ನಡೆದ ಹರಾಜಿನಲ್ಲಿ, ಕ್ರೆಡಿಟ್ ಕಾರ್ಡಿನಿಂದ ಕೊಡಬೇಕಾದವರು ನಗದು ಕೊಡಬೇಕಾದವರಿಗಿಂತ ಬಹಳ ಹೆಚ್ಚಿಗೆ, ಸುಮಾರು ಇಮ್ಮಡಿಯವರೆಗೂ, ಕೂಗಿದ್ದರು. ಕೈ ಜಾರುವ ಒಂದೆರಡು ಬಾಬತ್ತುಗಳಿಗೆ ಮಾತ್ರ ನಗದು ಬಳಸಿದರೆ, ಅಥವಾ ಆ್ಯಪ್‌ಗಳಲ್ಲಿ ಉಳಿಸಿಟ್ಟ ಕಾರ್ಡಿನ ವಿವರವನ್ನು ಅಳಿಸಿದರೆ, ಮಂಕಾದ ಆ ನೋವು ಸ್ವಲ್ಪ ಮರಳಿ ಬರುತ್ತದೆ.

ಹೆಜ್ಜೆ 4: ಕೊರತೆ ನಿಜವಾದದ್ದೇ ಎಂದು ಪರೀಕ್ಷಿಸುವುದು

ಈಗ ಒಂದು ಪ್ರಾಮಾಣಿಕ ಕೂಡುಲೆಕ್ಕ ಬೇಕು. ವಸತಿ, ಊಟ, ಔಷಧ, ಓಡಾಟ, ಮಕ್ಕಳ ಓದು, ಸಾಲದ ಕಂತು, ಇವಿಷ್ಟನ್ನೂ ಕೂಡಿಸಿದ ಮೊತ್ತ ಆದಾಯವನ್ನು ಮೀರುತ್ತಿದ್ದರೆ, ತೊಂದರೆ ಇರುವುದು ನಿಮ್ಮ ಮನೋಭಾವದಲ್ಲಿ ಅಲ್ಲ. ಹಣದ ಬಗ್ಗೆ ಒಳ್ಳೆಯ ಯೋಚನೆ ಮಾಡಿದರೆ ಹಣ ತಾನಾಗಿ ಬರುತ್ತದೆಂದು ಬೋಧಿಸುವವರು ಇಲ್ಲಿ ಮಾಡುವ ಹಾನಿ ಸಣ್ಣದಲ್ಲ. ಬಡತನದ ಮೇಲೆ ಅಪರಾಧಿ ಭಾವವನ್ನೂ ಹೊರಿಸುತ್ತಾರೆ.

ಕೊರತೆ ಯೋಚನೆಯ ಶಕ್ತಿಯನ್ನೇ ಕುಗ್ಗಿಸುತ್ತದೆಂಬುದಕ್ಕೆ 2013ರಲ್ಲಿ ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್, ಎಲ್ದಾರ್ ಶಫೀರ್ ಮತ್ತು ಜಿಯಾಯಿಂಗ್ ಝಾವೊ ಪ್ರಕಟಿಸಿದ ಅಧ್ಯಯನ ಒಂದು ಸಾಕ್ಷಿ. ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮುಂಚೆ, ಕೈ ಬಿಗಿಯಾಗಿದ್ದಾಗ, ಮತ್ತು ಕಟಾವಿನ ನಂತರ, ಕೈಗೆ ಹಣ ಬಂದಾಗ ಪರೀಕ್ಷಿಸಿದರು. ಅದೇ ರೈತ ಕಟಾವಿಗೆ ಮುಂಚೆ ತರ್ಕದ ಪರೀಕ್ಷೆಯಲ್ಲಿ ಹಿಂದೆ ಬಿದ್ದ. ಮನುಷ್ಯ ಬದಲಾಗಿರಲಿಲ್ಲ, ತಲೆಯ ತುಂಬ ಲೆಕ್ಕವೇ ಓಡುತ್ತಿದ್ದಾಗ ಬೇರೆಯದಕ್ಕೆ ಜಾಗ ಉಳಿದಿರಲಿಲ್ಲ.

ಆದ್ದರಿಂದ ನಿಜವಾದ ಕೊರತೆಯಲ್ಲಿರುವವರು ಮುಂದಿನ ಹೆಜ್ಜೆಗಳನ್ನು ಒಟ್ಟಿಗೆ ಹಿಡಿಯಬಾರದು. ಕಂತಿನ ಗಡುವು ಮುಂದೂಡಲು ಸಾಲ ಕೊಟ್ಟವರೊಡನೆ ಮಾತನಾಡುವುದು, ಸಿಗಬೇಕಾದ ಸರ್ಕಾರಿ ನೆರವನ್ನು ವಿಚಾರಿಸುವುದು, ಆದಾಯ ಹೆಚ್ಚಿಸುವ ಒಂದು ದಾರಿ ಹುಡುಕುವುದು, ಇವು ಮೊದಲು ಬರಬೇಕು. ಮುಖ್ಯವಾದ ತೀರ್ಮಾನಗಳನ್ನು ತಿಂಗಳಲ್ಲಿ ಕೈ ಸ್ವಲ್ಪ ಸಡಿಲವಾಗಿರುವ ದಿನಗಳಿಗೆ ಇಟ್ಟುಕೊಳ್ಳಿ. ಲೆಕ್ಕ ಹಾಕಿದ ಮೇಲೆ ಆದಾಯ ಸಾಕಷ್ಟಿದ್ದೂ ಹಣ ಸೋರುತ್ತಿದೆಯೆಂದು ಕಂಡರೆ ಮುಂದೆ ಸಾಗಿ.

ಹೆಜ್ಜೆ 5: ಸಾಲವನ್ನು ಹಗಲಿನಲ್ಲಿ ಇಡುವುದು

ಪ್ರತಿ ಸಾಲಕ್ಕೂ ಒಂದು ಸಾಲು: ಯಾರಿಗೆ, ಉಳಿದ ಅಸಲು, ತಿಂಗಳ ಬಡ್ಡಿದರ, ಈಗ ಕಟ್ಟುತ್ತಿರುವ ಕಂತು. ಗೆಳೆಯರಿಂದ ತಂದ ಕೈಗಡವೂ ಇದರಲ್ಲಿ ಇರಲಿ. ಬಡ್ಡಿ ಇಲ್ಲದ ಸಾಲವೇ ಹೆಚ್ಚು ನಾಚಿಕೆ ಹುಟ್ಟಿಸುವುದು.

ಬಡ್ಡಿಯನ್ನು ತಿಂಗಳ ಲೆಕ್ಕದಲ್ಲಿ ಹೇಳಿದಾಗ ಸಣ್ಣದಾಗಿ ಕೇಳಿಸುತ್ತದೆ. ತಿಂಗಳಿಗೆ ಶೇ. 3 ಎಂದರೆ ಚಕ್ರಬಡ್ಡಿಯಲ್ಲಿ ವರ್ಷಕ್ಕೆ ಶೇ. 42ಕ್ಕೂ ಹೆಚ್ಚು. ಈ ದರದಲ್ಲಿ 100 ಪಾಲು ಸಾಲವಿದೆಯೆಂದು ಇಟ್ಟುಕೊಳ್ಳೋಣ. ತಿಂಗಳಿಗೆ 3 ಪಾಲು ಕಟ್ಟಿದರೆ ಬಡ್ಡಿಯಷ್ಟೇ ತೀರಿ, ಅಸಲು ಜೀವಮಾನವಿಡೀ ಹಾಗೆಯೇ ನಿಂತಿರುತ್ತದೆ. 4 ಪಾಲು ಕಟ್ಟಿದರೆ ತೀರಲು 47 ತಿಂಗಳು ಬೇಕು, ಒಟ್ಟು ಕಟ್ಟುವುದು ಸುಮಾರು 188 ಪಾಲು. 5 ಕಟ್ಟಿದರೆ 31 ತಿಂಗಳು, ಸುಮಾರು 155 ಪಾಲು. 6 ಕಟ್ಟಿದರೆ 24 ತಿಂಗಳೊಳಗೆ, ಸುಮಾರು 141 ಪಾಲಿಗೆ ಮುಗಿಯುತ್ತದೆ. ನಾಲ್ಕರಿಂದ ಐದಕ್ಕೆ ಏರಿಸಿದ ಒಂದೇ ಒಂದು ಪಾಲು ಹದಿನಾರು ತಿಂಗಳನ್ನು ಉಳಿಸಿತು. ಈ ಲೆಕ್ಕವನ್ನು ನಿಮ್ಮ ಸಾಲಕ್ಕೆ ಹಾಕಿ ನೋಡುವವರೆಗೆ ಮುಂದಿನ ಹೆಜ್ಜೆಗೆ ಹೋಗಬೇಡಿ.

ಯಾವುದನ್ನು ಮೊದಲು ತೀರಿಸಬೇಕು? ಗಣಿತದ ಪ್ರಕಾರ ಹೆಚ್ಚು ಬಡ್ಡಿಯದನ್ನು. ಮನಸ್ಸಿನ ಪ್ರಕಾರ ಎಲ್ಲಕ್ಕಿಂತ ಚಿಕ್ಕದನ್ನು, ಏಕೆಂದರೆ ಒಂದು ಹೆಸರನ್ನು ಪಟ್ಟಿಯಿಂದ ಪೂರ್ತಿಯಾಗಿ ಹೊಡೆದು ಹಾಕಿದಾಗ ಬರುವ ಹುರುಪು ಉಳಿದವನ್ನು ತೀರಿಸಲು ನೆರವಾಗುತ್ತದೆ. ನನ್ನ ಅಭಿಪ್ರಾಯದಲ್ಲಿ, ಎರಡು ಮೂರು ತಿಂಗಳೊಳಗೆ ಮುಗಿಯುವ ಚಿಕ್ಕ ಸಾಲವಿದ್ದರೆ ಅದನ್ನು ಮೊದಲು ಮುಗಿಸಿ, ಅಲ್ಲಿಂದ ಮುಂದೆ ಬಡ್ಡಿಯ ಕ್ರಮವನ್ನು ಹಿಡಿಯುವುದು ಮೇಲು.

ಒಂದು ವಿಚಿತ್ರವನ್ನು ಇಲ್ಲಿ ಗಮನಿಸಬೇಕು. ಒಂದು ಖಾತೆಯಲ್ಲಿ ಕಡಿಮೆ ಬಡ್ಡಿಗೆ ಉಳಿತಾಯವನ್ನು ಇಟ್ಟುಕೊಂಡೇ ಇನ್ನೊಂದು ಕಡೆ ಹತ್ತು ಪಟ್ಟು ಬಡ್ಡಿಯ ಸಾಲ ಹೊತ್ತವರು ಬಹಳ ಮಂದಿ. "ಅದು ಮಗಳ ಹಣ, ಮುಟ್ಟುವ ಹಾಗಿಲ್ಲ" ಎನ್ನುತ್ತಾರೆ. 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್ ಇದನ್ನು ಮಾನಸಿಕ ಲೆಕ್ಕಪತ್ರವೆಂದು ಕರೆದರು: ಹಣಕ್ಕೆ ಹೆಸರಿಲ್ಲದಿದ್ದರೂ ಮನಸ್ಸು ಪ್ರತಿಯೊಂದು ಗಂಟಿಗೂ ಹೆಸರಿಟ್ಟು ಬೇರೆ ಬೇರೆ ಗಡಿಗೆಯಲ್ಲಿ ಇಡುತ್ತದೆ. ತುರ್ತಿಗೆ ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕದ್ದರಿಂದ ದುಬಾರಿ ಸಾಲ ತೀರಿಸುವುದೇ ಮಗಳಿಗೂ ಲಾಭ.

ಹೆಜ್ಜೆ 6: ಅದೇ ಮನಸ್ಸನ್ನು ಉಳಿತಾಯಕ್ಕೆ ದುಡಿಸಿಕೊಳ್ಳುವುದು

ಗಡಿಗೆಗಳಿಗೆ ಹೆಸರಿಡುವ ಚಟ ಉಳಿತಾಯದಲ್ಲಿ ಉಪಕಾರಕ್ಕೆ ಬರುತ್ತದೆ. "ಉಳಿತಾಯ" ಎಂಬ ಬೋಳು ಹೆಸರಿನ ಖಾತೆಗಿಂತ "ಆರು ತಿಂಗಳ ಬಾಡಿಗೆ" ಎಂದೋ "ಅಮ್ಮನ ಕಣ್ಣಿನ ಚಿಕಿತ್ಸೆ" ಎಂದೋ ಹೆಸರಿಟ್ಟ ಖಾತೆಗೆ ಕೈ ಹಾಕುವುದು ಕಷ್ಟ. ಮೊದಲ ಗುರಿ ಒಂದು ವಾರದ ಖರ್ಚು, ಆಮೇಲೆ ಒಂದು ತಿಂಗಳದು, ನಿಧಾನವಾಗಿ ಮೂರರಿಂದ ಆರು ತಿಂಗಳದು.

ಮೊತ್ತ ಚಿಕ್ಕದಿರಲಿ, ಆದರೆ ಆದಾಯ ಬಂದ ದಿನವೇ ತಾನಾಗಿ ಬೇರೆ ಖಾತೆಗೆ ಹೋಗುವಂತೆ ಬ್ಯಾಂಕಿನಲ್ಲಿ ಏರ್ಪಾಡು ಮಾಡಿ. ಈಗ ಕಡಿತ ಬೇಡವೆನ್ನಿಸಿದರೆ, ಮುಂದಿನ ಸಂಬಳ ಏರಿಕೆಯ ಒಂದು ಭಾಗ ಉಳಿತಾಯಕ್ಕೆ ಎಂದು ಇಂದೇ ಬರೆದಿಡಿ. ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ 2004ರಲ್ಲಿ ವರದಿ ಮಾಡಿದ ಯೋಜನೆಯೊಂದರಲ್ಲಿ ನೌಕರರು ಹೀಗೆ ಮುಂಗಡವಾಗಿ ಒಪ್ಪಿಕೊಂಡಿದ್ದರು. 40 ತಿಂಗಳಲ್ಲಿ ಅವರ ಉಳಿತಾಯದ ಪ್ರಮಾಣ ಸಂಬಳದ ಶೇ. 3.5ರಿಂದ ಶೇ. 13.6ಕ್ಕೆ ಏರಿತು. ಕೈಯಲ್ಲಿರುವುದನ್ನು ಬಿಡುವುದು ನಷ್ಟವೆನ್ನಿಸುತ್ತದೆ, ಇನ್ನೂ ಬಾರದ್ದನ್ನು ಬಿಡುವುದು ಅಷ್ಟು ನೋಯಿಸುವುದಿಲ್ಲ. ಗಳಿಕೆಯ ಸಂತೋಷಕ್ಕಿಂತ ಅಷ್ಟೇ ಮೊತ್ತದ ನಷ್ಟದ ನೋವು ಹೆಚ್ಚೆಂದು ಡೇನಿಯಲ್ ಕಾನೆಮನ್ ಮತ್ತು ಆಮೋಸ್ ಟ್ವೆರ್ಸ್ಕಿ 1979ರಲ್ಲೇ ತೋರಿಸಿದ್ದರು.

ಖರ್ಚಿಗೂ ಒಂದು ಗಡಿಗೆ ಇರಲೇಬೇಕು. ಯಾರಿಗೂ ಲೆಕ್ಕ ಕೊಡಬೇಕಿಲ್ಲದ, ನಾಲ್ಕನೆಯ ಕಲಮೂ ಬೇಡದ ಒಂದು ಚಿಕ್ಕ ಮೊತ್ತ. ಇದಿಲ್ಲದ ಬಜೆಟ್ ಉಪವಾಸದ ಹಾಗೆ, ಮುರಿದ ದಿನ ಎರಡು ಪಟ್ಟು ತಿನ್ನಿಸುತ್ತದೆ.

ಹೆಜ್ಜೆ 7: ಕೈ ಬಿಚ್ಚಲಾರದವರಿಗೆ

ಸಾಲವಿಲ್ಲ, ಉಳಿತಾಯವಿದೆ, ಆದರೂ ಹೊಸ ಚಪ್ಪಲಿ ಕೊಳ್ಳುವಾಗ ಎದೆ ಹೊಡೆದುಕೊಳ್ಳುತ್ತದೆ. ಇಂತಹವರನ್ನು ಜಿಪುಣರೆಂದು ನಗೆಯಾಡುವುದೇ ಹೆಚ್ಚು, ಅವರ ಭಯವನ್ನು ವಿಚಾರಿಸುವವರು ಕಡಿಮೆ. ನೋಡದೆ ಇರುವವರ ಭಯ ಮತ್ತು ದಿನಕ್ಕೆ ಐದು ಸಲ ಖಾತೆ ನೋಡುವವರ ಭಯ ಒಂದೇ ಬೇರಿನದು. ಇವರು ವಾರದ ಹದಿನೈದು ನಿಮಿಷಕ್ಕಿಂತ ಹೆಚ್ಚು ಲೆಕ್ಕ ನೋಡಬಾರದು. "ಎಷ್ಟಿದ್ದರೆ ಸಾಕು" ಎಂಬುದಕ್ಕೆ ಒಂದು ಅಂಕಿಯನ್ನು ಬರೆದು, ಅದಕ್ಕೆ ಕಾರಣವನ್ನೂ ಬರೆಯಬೇಕು. ಅಂಕಿ ಮುಟ್ಟಿದ ಮೇಲೆ ಅದನ್ನು ಮತ್ತೆ ಮುಂದಕ್ಕೆ ಸರಿಸಿದರೆ, ಕಾರಣವನ್ನು ಹೊಸದಾಗಿ ಬರೆಯಬೇಕು. ಮುಟ್ಟದ ಹಣವೂ ಕರಗುತ್ತದೆಂಬುದನ್ನು ನೆನಪಿಡುವುದು ಒಳ್ಳೆಯದು: 72ನ್ನು ಬೆಲೆಯೇರಿಕೆಯ ದರದಿಂದ ಭಾಗಿಸಿದರೆ ಎಷ್ಟು ವರ್ಷದಲ್ಲಿ ನಗದಿನ ಬೆಲೆ ಅರ್ಧವಾಗುತ್ತದೆಂಬುದು ಸರಿಸುಮಾರು ಸಿಗುತ್ತದೆ. ದರ ಶೇ. 6 ಇದ್ದರೆ ಹನ್ನೆರಡು ವರ್ಷ.

ಹೆಜ್ಜೆ 8: ಮನೆಯವರೊಡನೆ, ಕೇಳುವವರೊಡನೆ ಮಾತನಾಡುವುದು

ಒಂದೇ ಮನೆಯಲ್ಲಿ ಕಾವಲುಗಾರನೂ ಕೈಬಿಚ್ಚಿನವಳೂ, ಅಥವಾ ತಿರುಗಾಗಿ, ಇರುವುದು ತೀರ ಸಾಮಾನ್ಯ. ಖರ್ಚಾದ ಕೂಡಲೆ ಆಡುವ ಹಣದ ಮಾತು ಜಗಳವಾಗುತ್ತದೆ. ಗೊತ್ತುಮಾಡಿದ ಹೊತ್ತಿನಲ್ಲಿ, ತಿಂಗಳಿಗೊಮ್ಮೆ ಆಡುವ ಮಾತು ಮಾತಾಗಿಯೇ ಉಳಿಯುತ್ತದೆ. "ಇಷ್ಟೊಂದು ಏಕೆ ಖರ್ಚು ಮಾಡಿದೆ?" ಎಂದು ಶುರುಮಾಡುವ ಬದಲು "ಈ ತಿಂಗಳು ಹಣದ ವಿಷಯದಲ್ಲಿ ನನಗೆ ಹೆದರಿಕೆಯಾದದ್ದು ಇದು, ನಿನಗೆ ಯಾವುದು?" ಎಂದು ಕೇಳಿ. ಮೊದಲ ಭೇಟಿಯಲ್ಲಿ ಅಂಕಿಗಳನ್ನು ತರದೆ ಎರಡನೆಯ ಹೆಜ್ಜೆಯ ಪುಟಗಳನ್ನು ಒಬ್ಬರಿಗೊಬ್ಬರು ಓದಿ ಹೇಳುವುದು ನಾನು ಕಂಡ ಮಟ್ಟಿಗೆ ಹೆಚ್ಚು ಫಲ ಕೊಟ್ಟಿದೆ. ಬಚ್ಚಿಟ್ಟ ಸಾಲವಿದ್ದರೆ ಪೂರ್ತಿ ಮೊತ್ತವನ್ನು ಒಂದೇ ಸಲ ಹೇಳಿಬಿಡಿ. ಕಂತು ಕಂತಾಗಿ ಹೊರಬಂದ ಸತ್ಯವನ್ನು ಕೇಳಿದವರು ಕೊನೆಯ ಕಂತನ್ನೂ ನಂಬುವುದಿಲ್ಲ.

ನೆಂಟರೋ ಗೆಳೆಯರೋ ಸಾಲ ಕೇಳಿದಾಗ, ಆ ಕ್ಷಣದಲ್ಲಿ ಉತ್ತರ ಕೊಡದಿರುವುದನ್ನು ನಿಯಮ ಮಾಡಿಕೊಳ್ಳಿ. "ಲೆಕ್ಕ ನೋಡಿ ನಾಳೆ ಸಂಜೆಯೊಳಗೆ ಹೇಳುತ್ತೇನೆ" ಎಂಬಷ್ಟು ಸಾಕು, ಮತ್ತು ನಾಳೆ ಸಂಜೆಯೊಳಗೆ ಹೇಳಲೇಬೇಕು. ಮರಳಿ ಬಾರದಿದ್ದರೂ ಮನಸ್ಸು ಕಹಿಯಾಗದಷ್ಟನ್ನು ಮಾತ್ರ ಕೊಡಿ. ಕೊಡಲಾಗದಿದ್ದರೆ "ನನ್ನಿಂದ ಆಗುವುದಿಲ್ಲ, ಕ್ಷಮಿಸಿ" ಎನ್ನಿ. ಸುಳ್ಳು ಕಾರಣ ಹೇಳಿದರೆ, ಆ ಕಾರಣ ತೀರಿದ ದಿನ ಅವರು ಮತ್ತೆ ಬಂದು ನಿಲ್ಲುತ್ತಾರೆ.

ಜೂಜಿನ ಸೆಳೆತ, ನಿಲ್ಲಿಸಲಾಗದ ಖರೀದಿ, ಸಾಲ ಕೊಟ್ಟವರ ಬೆದರಿಕೆ, ಅಥವಾ ಬದುಕೇ ಬೇಡವೆನ್ನಿಸುವ ಯೋಚನೆ ಇದ್ದರೆ ನೋಟ್‌ಬುಕ್ಕನ್ನು ಬದಿಗಿಟ್ಟು, ಇಂದೇ ನಂಬಿಕೆಯ ಒಬ್ಬರಿಗೆ ತಿಳಿಸಿ, ವೈದ್ಯರ ಅಥವಾ ಮನೋವೈದ್ಯಕೀಯ ನೆರವು ಪಡೆಯಿರಿ.

ಮೂರು ತಿಂಗಳ ನಂತರ

ಹದಿಮೂರನೆಯ ವಾರ, ಅದೇ ಹೊತ್ತಿನಲ್ಲಿ, ಮೊದಲ ವಾರದ ಪುಟವನ್ನೂ ಈ ವಾರದ ಪುಟವನ್ನೂ ಅಕ್ಕಪಕ್ಕ ಇಟ್ಟುಕೊಳ್ಳಿ. ಅಂಕಿಗಳು ಅಷ್ಟೇನೂ ಬದಲಾಗಿರಲಾರವು. ಮೂರು ತಿಂಗಳು ಅದಕ್ಕೆ ಸಾಲದು. ಕೆಳಗಿನ ಸಾಲನ್ನು, ಮೈಯ ಬಗ್ಗೆ ಬರೆದದ್ದನ್ನು, ಹೋಲಿಸಿ. ಅದರಲ್ಲಿ ಏನೂ ಬದಲಾಗಿಲ್ಲವೆಂದರೆ ಎರಡನೆಯ ಹೆಜ್ಜೆಯಲ್ಲಿ ಆರಿಸಿದ ಮಾತು ಸರಿಯಾದದ್ದಲ್ಲ. ಆ ಹತ್ತು ವಾಕ್ಯಗಳಿಗೆ ಹಿಂತಿರುಗಿ ಇನ್ನೊಂದನ್ನು ಆರಿಸಬೇಕು. ನನ್ನ ಹದಿಮೂರನೆಯ ಪುಟದಲ್ಲಿ ಸಾಲದ ಬಾಕಿ ಸ್ವಲ್ಪವೇ ಇಳಿದಿತ್ತು, ಕೆಳಗಿನ ಸಾಲಿನಲ್ಲಿ "ಒಂದೇ ಸಲ ಕುಳಿತೆ, ಎದ್ದು ಹೋಗಲಿಲ್ಲ" ಎಂದಿತ್ತು.